ಎರಡು ಮೂಟೆ ಅರಬ್ಬೀ ಸಮುದ್ರ

ಹಾಸನದ ಸ್ಟೇಷನ್ನಿನಲ್ಲಿ ಬೆಳಗಿನ ಮೈಸೂರು ಗಾಡಿ ಹತ್ತಿದಾಗ ನನ್ನ ಜೊತೆಗಿದ್ದದ್ದು ಒಂದು ಕೊಡೆ, ಒಂದು ಕೈಚೀಲ, ಎರಡು ಗೋಣಿಮೂಟೆ ಒಣ ಕಡಲಪಾಚಿ. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಕರಾವಳಿ ನಮ್ಮ ರಾಜ್ಯಕ್ಕೆ ಸೇರಿ, ಮೈಸೂರು ಸರ್ಕಾರಕ್ಕೆ ಆಗಷ್ಟೇ ಒಂದು ಸಮುದ್ರ ದೊರೆತಿತ್ತು. ದೊರೆತ ಮೇಲೆ ಅದಕ್ಕೂ ಏನಾದರೂ ಕೆಲಸ ಹಚ್ಚಬೇಕಲ್ಲ? ಬೇಸಾಯದ ಇಲಾಖೆಯಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದ ನಾನು ಹಾಸನ ಜಿಲ್ಲೆಗೆ ಅರಬ್ಬೀ ಸಮುದ್ರದ ಪ್ರತಿನಿಧಿಯಾದೆ. ನಾನು ಸಮುದ್ರ ನೋಡಿರಲಿಲ್ಲ. ನೋಡಿದ್ದೀಯಾ ಎಂದು ಯಾರೂ ಕೇಳಿರಲೂ ಇಲ್ಲ.

ಪಾಚಿ ಕಳಿಸಿದವನು ನನ್ನ ಸಹಪಾಠಿ ವಾಸುದೇವ. ಮಂಗಳೂರಿನಾಚೆ ಕಡಲದಂಡೆಯಲ್ಲಿ ಎರಡು ವರ್ಷ ಕೂತು, ಪಾಚಿಯನ್ನು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಕೊಚ್ಚಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದ್ದ. ಈ ಮಳೆಗಾಲದೊಳಗೆ ನಮ್ಮ ಜಿಲ್ಲೆಯ ಒಬ್ಬ ಬೆಳೆಗಾರನಾದರೂ ಒಪ್ಪದಿದ್ದರೆ ಅವನ ಒಣಗಿಸುವ ಕಣ ಮುಚ್ಚುವುದೆಂದು ಮೇಲಿನವರ ಹುಕುಂ ಆಗಿತ್ತು. ಮೂಟೆಗಳ ಜೊತೆ ಅವನ ಕಾಗದವೂ ಬಂದಿತ್ತು: "ಕೆಂಪು ದಾರದ ಮೂಟೆ ಅಲೆ ತಂದು ದಡಕ್ಕೆ ಹಾಕಿದ್ದು. ಅದು ಸಾಲದು ಅಂತ ಬಿಳಿ ದಾರದ್ದನ್ನು ಬಂಡೆಗಳಿಂದ ಕೊಯ್ಸಿದ್ದೇನೆ. ಗೊಬ್ಬರವಾಗಿ ಎರಡೂ ಒಂದೇ. ಹೇಗಾದರೂ ಒಪ್ಪಿಸು ಮಾರಾಯ." ಅರಕಲಗೂಡಿನವರು ಹಿಂದಿನ ವಾರವೇ ಕೈಮುಗಿದು ಕಳಿಸಿದ್ದರು. ಉಳಿದದ್ದು ಹೊಳೆನರಸೀಪುರ, ಚನ್ನರಾಯಪಟ್ಟಣ.

ಆ ದಿನವನ್ನು ನೆನೆದರೆ ಈಗಲೂ ಮೊದಲು ಬರುವುದು ಆ ವಾಸನೆ. ಗಾಡಿ ಹೊರಟು ಐದು ನಿಮಿಷಕ್ಕೆ ಎದುರು ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಏನ್ ಸಾ ಅದು, ಸತ್ತೋಗೈತಾ?"

"ಇಲ್ಲಮ್ಮ, ಒಣಗಿದೆ" ಎಂದೆ. ಆ ವ್ಯತ್ಯಾಸದಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹೊಳೆನರಸೀಪುರದಲ್ಲಿ ತುಂತುರು ಮಳೆ. ಹೋಟೆಲಿನಲ್ಲಿ ಬಿಸಿ ಇಡ್ಲಿ ತಿಂದು, ಹೇಮಾವತಿಯ ದಡದ ಗದ್ದೆಯ ಗೌಡರೊಬ್ಬರ ಜಗಲಿಯಲ್ಲಿ ಸಮುದ್ರದ ಮಹಿಮೆಯನ್ನು ಅರ್ಧ ಗಂಟೆ ಬಣ್ಣಿಸಿದೆ. ಗೌಡರು ಮರ್ಯಾದೆಯಿಂದ ಕೇಳಿಸಿಕೊಂಡರು.

"ಉಪ್ಪು ತಿಂದೋನು ನೀರು ಕುಡೀಬೇಕು ಅಂತಾರೆ. ನನ್ನ ಗದ್ದೆಗೆ ಉಪ್ಪು ತಿನ್ಸಿ ನೀವು ಬಸ್ ಅತ್ಬುಟ್ರೆ, ನೀರು ಕುಡ್ಸೋನು ಯಾರು ಸಾ?"

ತೊಳೆದದ್ದು, ಉಪ್ಪಿಲ್ಲ ಎಂದೆ. ಅವರು ಒಂದು ಚೂರನ್ನು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. "ದಿಟ, ಸಪ್ಪಗೈತೆ. ಆದ್ರೂ ಬ್ಯಾಡಿ" ಎಂದು ನನಗೊಂದು ಎಳನೀರು ಕೊಚ್ಚಿಸಿ ಕೊಟ್ಟರು. ಅಷ್ಟು ಗೌರವದಿಂದ ಸೋತದ್ದು ಅದೇ ಮೊದಲು.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಮೂಟೆಗಳನ್ನು ಟಾಪಿಗೆ ಹಾಕಿದರು. ಇಪ್ಪತ್ತು ಚಿಲ್ಲರೆ ಮೈಲಿ. ಪ್ರತಿ ಊರಲ್ಲೂ ಬಸ್ಸು ನಿಂತು ಯೋಚಿಸಿ ಹೊರಡುತ್ತಿತ್ತು. ನಡುವೆ ಕಂಡಕ್ಟರು ತಲೆ ಹೊರಹಾಕಿ ನೋಡಿ ಬಂದ. "ಸಾ, ನಿಮ್ಮ ಮೂಟೆ ಮ್ಯಾಲೆ ನಾಕು ಕಾಗೆ ಕುಂತವೆ. ಅವುಕ್ಕೂ ಟಿಕೆಟ್ ಕೊಡ್ಲಾ?"

ಊರಂಚಿನಲ್ಲಿ, ರಸ್ತೆಗೆ ಅಂಟಿಕೊಂಡೇ ಪದ್ಮಯ್ಯನವರ ತೆಂಗಿನ ತೋಟ. ಜೈನರು. ಎಳೆ ಮರಗಳ ಗರಿ ಹಳದಿಗೆ ತಿರುಗಿತ್ತು. ಅಕ್ಕಪಕ್ಕದವರೆಲ್ಲ ಮೀನುಗೊಬ್ಬರ ಹಾಕಿ ಹಸಿರು ಮಾಡಿಕೊಂಡಿದ್ದರು; ಇವರ ತಾಯಿ ಶಾಂತಮ್ಮನವರು ಅದನ್ನು ತೋಟದ ಬೇಲಿ ದಾಟಲು ಬಿಟ್ಟಿರಲಿಲ್ಲ. ಮೀನಿಲ್ಲದ ಗೊಬ್ಬರವಿದ್ದರೆ ತಿಳಿಸಿ ಎಂದು ಪದ್ಮಯ್ಯನೇ ಕಚೇರಿಗೆ ಬರೆದಿದ್ದರು. ಬಂದವನೇ ಗೆದ್ದೆ ಅಂದುಕೊಂಡೆ.

ಬಾವಿಕಟ್ಟೆಯಲ್ಲಿ ಶಾಂತಮ್ಮನವರು ಬಟ್ಟೆಯಲ್ಲಿ ನೀರು ಶೋಧಿಸುತ್ತಿದ್ದರು. ಶೋಧಿಸಿಯಾದ ಮೇಲೆ ಬಟ್ಟೆ ತಿರುವಿ, ಅದರಲ್ಲಿ ಸಿಕ್ಕಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ತೊಳೆದು ಬಿಟ್ಟರು. ನನಗೊಂದು ಚೊಂಬು ನೀರು ಕೊಟ್ಟು, ಚಾಪೆಯ ಮೇಲೆ ಮೂಟೆ ಬಿಚ್ಚಿಸಿದರು. ಬಿಚ್ಚಿದ್ದು ಬಿಳಿ ದಾರದ್ದು. ಪಾಚಿಯ ನಡುವೆ ಸಾಸಿವೆಯಷ್ಟು ಸಣ್ಣ ಕಪ್ಪೆಚಿಪ್ಪುಗಳಿದ್ದವು. ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು:

"ಇದು ಬಿದ್ದಿದ್ದೋ, ಕಿತ್ತಿದ್ದೋ?"

"ಅವ್ವ, ಸೊಪ್ಪು ಕಣವ್ವ ಅದು. ಸೊಪ್ಪಿಗೂ ಅಂಗ್ ಕೇಳ್ತಾರಾ?" ಎಂದರು ಪದ್ಮಯ್ಯ.

"ನೀನ್ ಸುಮ್ಕಿರು. ಸೊಪ್ಪಲ್ಲಿ ಮನೆ ಮಾಡ್ಕಂಡಿದ್ದೋರ ಇಚಾರ ಕೇಳ್ತಾ ಇವ್ನಿ."

'ಬಿದ್ದದ್ದು' ಎಂಬ ಒಂದು ಮಾತು ಸಾಕಿತ್ತು. ವಾಸುದೇವನ ಕಣ ಉಳಿಯುತ್ತಿತ್ತು, ಪದ್ಮಯ್ಯನ ಮರಗಳಿಗೆ ಎರಡು ಮೂಟೆ ಸಿಗುತ್ತಿತ್ತು. ಸಮುದ್ರದ ಪ್ರತಿನಿಧಿ ಸುಳ್ಳು ಹೇಳಬಾರದೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಆದರೆ ಕೈಯಲ್ಲಿ ಅವರು ಶೋಧಿಸಿದ ನೀರಿತ್ತು.

"ಇದು ಬಂಡೆಯಿಂದ ಕೊಯ್ದದ್ದು ತಾಯಿ. ಕೆಂಪು ದಾರದ್ದು ಅಲೆ ತಂದು ಹಾಕಿದ್ದು."

"ಕೊಯ್ದ್ರೆ ಮತ್ತೆ ಬೆಳೀತದಾ?"

"ಗೊತ್ತಿಲ್ಲ."

"ಸಮುದ್ರ ನೋಡಿದ್ದೀಯೇನಪ್ಪ?"

"ಇಲ್ಲ."

"ನಾನೂ ನೋಡಿಲ್ಲ. ನೋಡ್ದಿರೋರಿಬ್ರೂ ಸೇರ್ಕಂಡು ಅದ್ನ ಬೋಳಿಸೋದು ಬ್ಯಾಡ." ಬಿಳಿ ದಾರವನ್ನು ಅವರೇ ಬಿಗಿಯಾಗಿ ಕಟ್ಟಿದರು. "ಬಿದ್ದಿದ್ದು ಬರ್ಲಿ. ಬಂದಾಗ ಬರ್ಲಿ."

"ಒಂದು ಮೂಟೆ ಎಷ್ಟು ಮರಕ್ಕಾದಾತು?" ಎಂದು ಪದ್ಮಯ್ಯ ಗೊಣಗಿದರು. ಗೊಣಗುತ್ತಲೇ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದರು. ಹೊತ್ತು ಮುಳುಗುವ ಮೊದಲೇ ಹೆಸರುಬೇಳೆ ಸಾರು, ಅನ್ನ, ಮಜ್ಜಿಗೆಯ ಊಟವಾಯಿತು. ರಾತ್ರಿ ಅವರ ಜಗಲಿಯಲ್ಲೇ ಮಲಗಿದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳೆಗಾರರು ಷರತ್ತಿನೊಡನೆ ಒಪ್ಪಿದ್ದಾರೆಂದು ವರದಿ ಬರೆದೆ. "ಷರತ್ತು ಹಾಕುವವರು ನಾವೋ ಅವರೋ?" ಎಂದು ಮೇಲಿನವರು ಗುಡುಗಿದರು, ಕಣವನ್ನು ಮುಚ್ಚಲಿಲ್ಲ. "ಆ ಅಜ್ಜಿಗೋಸ್ಕರ ನಾನು ಅಲೆ ಕಾಯುತ್ತಾ ಕೂರಬೇಕಾ ಮಾರಾಯ?" ಎಂದು ವಾಸುದೇವ ಬರೆದ. ಬೈದುಕೊಂಡೇ ಕಾದ. ಕುಡುಗೋಲುಗಳನ್ನು ಅಟ್ಟಕ್ಕೆ ಹಾಕಿಸಿದ.

ಮಾರನೆಯ ಬೆಳಿಗ್ಗೆ, ಅವರು ಒಲ್ಲದ ಮೂಟೆಯೊಂದಿಗೆ ಹಾಸನದ ಬಸ್ಸು ಹತ್ತಿದೆ. ಬಸ್ಸು ತೋಟದ ಪಕ್ಕದಲ್ಲೇ ಹಾದುಹೋಯಿತು. ಶಾಂತಮ್ಮನವರು ಮರದ ಬುಡದಲ್ಲಿ ಕೂತು, ಕೆಂಪು ದಾರದ ಪಾಚಿಯನ್ನು ಮೊರಕ್ಕೆ ಹಾಕಿಕೊಂಡು, ಒಂದೊಂದೇ ಚಿಪ್ಪನ್ನು ಬೆಳಕಿಗೆ ಹಿಡಿದು, ಒಳಗೆ ಯಾರಾದರೂ ಉಳಿದಿದ್ದಾರೋ ಎಂದು ನೋಡುತ್ತಿದ್ದರು. ಪಕ್ಕದಲ್ಲಿ ಪದ್ಮಯ್ಯ ಖಾಲಿ ಬುಟ್ಟಿ ಹಿಡಿದು ನಿಂತಿದ್ದರು. ತಿರುವು ಬರುವವರೆಗೂ ಹಿಂತಿರುಗಿ ನೋಡಿದೆ. ಮೊದಲನೆಯ ಮೊರ ಇನ್ನೂ ಮುಗಿದಿರಲಿಲ್ಲ.