ಚೋರನೂರಿನಿಂದ ಬಾರದ ಟವೆಲ್

ಕಂಪ್ಲಿಯ ಹೊಳೆದಂಡೆಯಲ್ಲಿ ಪ್ರವಾಸಿಗರು ಆ ಊರಿನ ಮೂಕಣ್ಣನವರ ಹೆಸರು ಹೇಳಿ ಕೇಳಿದರೆ, ಹಂಪಿಯ ತಳವಾರಘಟ್ಟಕ್ಕೆ ಹೋಗಿ, ಅವರು ಹರಗೋಲು ನಡೆಸುವುದು ಅಲ್ಲಿ ಎಂದು ದಾರಿ ತೋರಿಸುತ್ತಾರೆ. ಪೊಲೀಸರು ಬಂದು ಕೇಳಿದರೆ ಯಾರೂ ಮಾತಾಡುವುದಿಲ್ಲ. ಯಾರಾದರೊಬ್ಬರು ಎದ್ದು ಹೋಗಿ ಅವರನ್ನು ಕರೆತರುತ್ತಾರೆ. ಎಲ್ಲೋ ಒಬ್ಬರು ನೀರಿನಲ್ಲಿ ಮುಳುಗಿದ್ದಾರೆ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಮುಳುಗಿದವರನ್ನು ಮೇಲೆ ತರುವುದು ಮೂಕಣ್ಣನವರಿಗೆ ಅಪ್ಪನಿಂದ ಬಂದ ಕೆಲಸ. ಅದಕ್ಕೆ ಕೂಲಿ ಇಲ್ಲ, ಅವರು ಕೇಳುವುದೂ ಇಲ್ಲ. ಹೊಳೆ, ಕಾಲುವೆ, ಬಾವಿ, ಸಂಡೂರಿನ ಗುಡ್ಡಗಳಲ್ಲಿ ಅದಿರು ತೆಗೆದು ಬಿಟ್ಟ ಹೊಂಡ, ಎಲ್ಲಿಗೆ ಕರೆದರೂ ಹೋಗುತ್ತಾರೆ. ಅಪ್ಪ ಕಲಿಸಿದ ರೀತಿಯನ್ನು ಬಹಳ ವರ್ಷ ಒಂದಿಷ್ಟೂ ಬದಲಿಸಿರಲಿಲ್ಲ. ಇಳಿಯುವ ಮೊದಲು ನೀರಿಗೆ ಎಲೆ ಅಡಿಕೆ ಬಿಡಬೇಕು. ಸಿಕ್ಕವರ ಕೈಗಳನ್ನು ನೀರಿನೊಳಗೇ ತೊಳೆದು, ಬೆರಳು ಬಿಡಿಸಿ, ಆಮೇಲೆ ಮೇಲೆ ತರಬೇಕು. ದಂಡೆಗೆ ಬಂದ ಕೂಡಲೆ ತನ್ನ ಹೆಗಲ ಟವೆಲನ್ನು ಅವರ ಮುಖಕ್ಕೆ ಹೊದಿಸಿ, ಮನೆಯವರ ಕಡೆ ತಿರುಗದೆ ಹೊರಟುಬಿಡಬೇಕು. ಆ ಟವೆಲ್ ಹೆಣದ ಜೊತೆ ಮಣ್ಣಿಗೆ ಹೋಗುತ್ತದೆ. ಕೆಲವು ದಿನ ಕಳೆದ ಮೇಲೆ ಮನೆಯವರು ಹೊಸದೊಂದು ಟವೆಲನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಾರೆ. ಅದು ಬಂದರೆ, ಹೋದವರು ಹೋದರು ಎಂದು ಆ ಮನೆ ಒಪ್ಪಿಕೊಂಡಿತು ಎಂದರ್ಥ.

“ನನ್ನ ಮುಖ ಅವ್ರಿಗೆ ನೆನಪಿರಬಾರ್ದು,” ಎನ್ನುತ್ತಿದ್ದರು ಮೂಕಣ್ಣ. “ನೆನಪಿದ್ರ, ಸಂತ್ಯಾಗ ನನ್ನ ಕಂಡಾಗೆಲ್ಲ ಆ ಹೊತ್ತು ತಿರುಗಿ ಬರ್ತೈತಿ.”

ಒಂದು ಮನೆಯಿಂದ ಮಾತ್ರ ಟವೆಲ್ ಬಂದಿರಲಿಲ್ಲ. ಅದು ಸಂಡೂರು ಕಡೆಯ ಚೋರನೂರಿನ ಜಂಬವ್ವನವರ ಮನೆ. ಅವರ ಮಗ ಯಲ್ಲೇಶ್ ಅದಿರು ಲಾರಿಯಲ್ಲಿ ಕ್ಲೀನರ್ ಆಗಿದ್ದ. ಒಂದು ಮಧ್ಯಾಹ್ನ ಮೈ ತೊಳೆಯಲು ಹಳೆಯ ಗಣಿಯ ಹೊಂಡಕ್ಕೆ ಇಳಿದವನು ಮೇಲೆ ಬರಲಿಲ್ಲ. ಆ ನೀರು ಕೆಂಪು. ಒಳಗೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಅಂದು ಮೂಕಣ್ಣ ಕತ್ತಲಾಗುವವರೆಗೆ ಕೈಯಿಂದಲೇ ತಡಕಾಡಿದರೂ ಅವನು ಸಿಗಲಿಲ್ಲ, ಮರುದಿನ ಸಿಕ್ಕ. ಒಂದು ರಾತ್ರಿ ಮಗನನ್ನು ನೀರಿನಲ್ಲೇ ಬಿಟ್ಟು ಬಂದದ್ದಕ್ಕೆ ತಾಯಿಗೆ ತಮ್ಮ ಮೇಲೆ ಸಿಟ್ಟಿದೆ ಎಂದು ಮೂಕಣ್ಣ ನಂಬಿದ್ದರು. ದೂರದ ಊರು, ತರುವವರು ಸಿಕ್ಕಿರಲಿಕ್ಕಿಲ್ಲ ಎಂದು ಹೆಂಡತಿ ದ್ಯಾಮಕ್ಕ ಎಷ್ಟು ಹೇಳಿದರೂ ಅವರು ಒಪ್ಪುತ್ತಿರಲಿಲ್ಲ.

ಹೊಸಪೇಟೆಯಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಸಣ್ಣ ಆಫೀಸಿದೆ. ಆ ಕಂಪನಿ ತನ್ನ ನೌಕರರನ್ನು ವರ್ಷದಲ್ಲಿ ಕೆಲವು ದಿನ, ಸಂಬಳ ಕೊಟ್ಟೇ, ಸಮಾಜದ ಕೆಲಸಕ್ಕೆ ಕಳಿಸುತ್ತದೆ. ಅವರು ಮೊದಲು ಮಲಪನಗುಡಿಯ ಹಳೆಯ ಮೆಟ್ಟಿಲು ಬಾವಿಯಿಂದ ಪ್ಲಾಸ್ಟಿಕ್ ಎತ್ತಿದರು. ಆಮೇಲೆ ತಳವಾರಘಟ್ಟದ ಹರಗೋಲಿನವರಿಗೆ ಲೈಫ್ ಜಾಕೆಟ್ ತಂದುಕೊಟ್ಟರು. ತಂಡವನ್ನು ಕರೆತಂದವರು ಹರಿಪ್ರಿಯಾ. ಹೊಸಪೇಟೆಯಲ್ಲೇ ಹುಟ್ಟಿ ಬೆಳೆದವರು, ಅದೇ ಆಫೀಸಿನಲ್ಲಿ ಕೆಲಸ. ಅವರು ಮೂಕಣ್ಣನವರಿಗೂ ಒಂದು ಜಾಕೆಟ್ ಚಾಚಿದಾಗ ಜೊತೆಗಾರ ದುರುಗಣ್ಣ ನಕ್ಕ.

“ಇವ್ಗ ಬ್ಯಾಡ್ರಿ ಅಕ್ಕಾರ. ಇವ್ನು ಮುಳುಗಿದ್ರನಾ ಊರಿಗೆ ಉಪಕಾರ.”

ಹರಿಪ್ರಿಯಾ ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡರು. ಅಂದು ಉಳಿದವರೆಲ್ಲ ಬಸ್ಸು ಹತ್ತಿದ ಮೇಲೂ ಅವರು ದಂಡೆಯ ಬಂಡೆಯ ಮೇಲೆ ಕುಳಿತು ಮೂಕಣ್ಣನವರನ್ನು ಮಾತಾಡಿಸಿದರು. ನಿಮಗೆ ಏನು ಬೇಕು ಎಂದು ಕೇಳಿದರು. ಮೂಕಣ್ಣ, ನೀರೊಳಗೆ ಉರಿಯುವ ದೀಪ ಎಂದರು. ಯಾಕೆ ಎಂದದ್ದಕ್ಕೆ ಸಂಡೂರಿನ ಹೊಂಡದ ವಿಷಯ ಹೇಳಿದರು. ಟವೆಲಿನ ವಿಷಯವನ್ನೂ ಹೇಳಿದರು.

ಕಂಪನಿ ದೀಪವನ್ನೂ ಉಸಿರಾಟದ ಸಿಲಿಂಡರನ್ನೂ ಕೊಡಲು ಒಪ್ಪಿತು. ಆದರೆ ಸಮಾರಂಭದಲ್ಲಿ, ವೇದಿಕೆಯ ಮೇಲೆ, ಸನ್ಮಾನದ ಜೊತೆ ಕೊಡುವುದೆಂದು ಆಯಿತು. ಮೂಕಣ್ಣ ಆಗಲ್ಲ ಎಂದರು. ಹರಿಪ್ರಿಯಾ ಮತ್ತೆ ಮತ್ತೆ ಬಂದು, ಅಲ್ಲಿರುವವರೆಲ್ಲ ಆಫೀಸಿನವರೇ, ನೀವು ನೀರಿನಿಂದ ತಂದವರ ಮನೆಯವರು ಯಾರೂ ಇರುವುದಿಲ್ಲ ಎಂದು ಮಾತು ಕೊಟ್ಟರು. ಕೊನೆಗೆ ದೀಪದ ಆಸೆಗೆ ಅವರು ಒಪ್ಪಿದರು.

ಹರಿಪ್ರಿಯಾ ಸುಳ್ಳು ಹೇಳಿರಲಿಲ್ಲ. ಆದರೆ ಸಮಾರಂಭ ನಡೆಸುವವರು ಬೆಂಗಳೂರಿನ ಕಚೇರಿಯ ಭಾರ್ಗವ್. ಕಂಪನಿಯ ದಾನದ ಕೆಲಸವೆಲ್ಲ ಅವರ ಕೈಯಲ್ಲಿತ್ತು. ನೆರವು ಪಡೆದವರನ್ನು ವೇದಿಕೆಗೆ ಕರೆದು ಮಾತಾಡಿಸುವುದು ಅವರಲ್ಲಿ ರೂಢಿ. ಶಾಲೆಗೆ ಬೆಂಚು ಕೊಟ್ಟರೆ ಅದರ ಮೇಲೆ ಕೂರುವ ಮಗು, ಆಸ್ಪತ್ರೆಗೆ ಯಂತ್ರ ಕೊಟ್ಟರೆ ವಾಸಿಯಾದ ರೋಗಿ. ಹಾಗಾದರೆ ಮೂಕಣ್ಣನವರಿಂದ ನೆರವು ಪಡೆದವರು ಯಾರು? ಭಾರ್ಗವ್ ಒಳ್ಳೆಯ ಮನಸ್ಸಿನಿಂದಲೇ ಹಳೆಯ ಪತ್ರಿಕೆ ಹುಡುಕಿಸಿ, ಒಂದು ಮನೆ ಪತ್ತೆ ಮಾಡಿ, ಕಾರು ಕಳಿಸಿದರು. ಹರಿಪ್ರಿಯಾ ಟವೆಲಿನ ರೀತಿಯನ್ನು ಅವರಿಗೆ ಹೇಳಿರಲಿಲ್ಲ. ಅದು ಆಫೀಸಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡಿದ್ದರು.

ಆ ದಿನ ದ್ಯಾಮಕ್ಕ ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, “ಮದಿಮಗ ಕಂಡಂಗ ಕಾಣ್ತಿ. ಬರೂವಾಗ ಒಬ್ಬನಾ ಬಾ ಮತ್ತ,” ಎಂದು ಕಳಿಸಿದರು. ಅಂಗಿ ಹೊಸದಾದರೂ ಹೆಗಲ ಮೇಲೆ ಟವೆಲ್ ಇತ್ತು.

ಹೊಸಪೇಟೆಯ ಸಭಾಂಗಣ ತುಂಬಿತ್ತು. ಶಾಲು ಹೊದಿಸಿದರು, ದೀಪದ ಪೆಟ್ಟಿಗೆ ಕೊಟ್ಟರು. ಆಮೇಲೆ ಭಾರ್ಗವ್ ಮೈಕಿನಲ್ಲಿ, ಇವರಿಗೆ ಧನ್ಯವಾದ ಹೇಳಲು ಚೋರನೂರಿನಿಂದ ಒಬ್ಬ ತಾಯಿ ಬಂದಿದ್ದಾರೆ ಎಂದರು.

ಊರಿನ ಹೆಸರು ಕಿವಿಗೆ ಬಿದ್ದ ಕೂಡಲೆ ಮೂಕಣ್ಣ ಸಭೆಗೆ ಬೆನ್ನು ಮಾಡಿ, ಹಿಂದಿನ ಪರದೆಯ ಕಡೆ ಮುಖ ಮಾಡಿ ನಿಂತರು. ನಾಚಿಕೊಂಡರು ಎಂದು ಕೆಲವರು ನಕ್ಕರು. ಭಾರ್ಗವ್ ಮೆಲ್ಲಗೆ ಅವರ ಭುಜ ಹಿಡಿದು ತಿರುಗಿಸಲು ನೋಡಿದರು. ಅಷ್ಟರಲ್ಲಿ ಹರಿಪ್ರಿಯಾ ವೇದಿಕೆಗೆ ಓಡಿ ಬಂದು ಭಾರ್ಗವ್ ಅವರ ಕೈಯಿಂದ ಮೈಕು ತೆಗೆದುಕೊಂಡು ಆಫ್ ಮಾಡಿದರು. ಅಷ್ಟು ಹೊತ್ತಿಗೆ ಜಂಬವ್ವ ಮೆಟ್ಟಿಲು ಹತ್ತಿ ಮೂಕಣ್ಣನವರ ಬೆನ್ನ ಹಿಂದೆ ಬಂದು ನಿಂತಿದ್ದರು. ಮುಂದಿನ ಸಾಲಿನವರಿಗೆ ಅವರ ಮಾತು ಕೇಳಿಸಿತು.

“ನಿನ್ನ ಬೈಯಾಕ ಬಂದಿಲ್ಲಪ. ಒಂದು ಮಾತು ಕೇಳಾದೈತಿ. ನಿನ್ನ ಬಿಟ್ರ ಯಾರಿಗೂ ಗೊತ್ತಿರಂಗಿಲ್ಲ.”

ಮೂಕಣ್ಣ ತಿರುಗಲಿಲ್ಲ.

“ಅವತ್ತ ನೀ ತಂದದ್ದು ನನ್ನ ಮಗನ್ನ ಹೌದೇನು?”

ಅವರು ತಮ್ಮ ಅನುಮಾನವನ್ನು ನಿಧಾನವಾಗಿ ಹೇಳಿದರು. ಯಲ್ಲೇಶನ ಕೈ ಯಾವಾಗಲೂ ಕೆಂಪಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಕುಳಿತ ಅದಿರಿನ ಧೂಳು ಸೀಗೇಕಾಯಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅಂದು ಹೊಂಡದ ಹತ್ತಿರ ಹಿರಿಯರು ಅವರನ್ನು ದೂರ ಹಿಡಿದಿದ್ದರು, ಮುಖ ನೋಡಲು ಬಿಡಲಿಲ್ಲ. ಬಟ್ಟೆಯಿಂದ ಹೊರಗೆ ಒಂದು ಕೈ ಮಾತ್ರ ಕಂಡಿತು. ಅದು ಬೆಳ್ಳಗಿತ್ತು. ಆಮೇಲೆ ಯಾರನ್ನು ಕೇಳಿದರೂ ಅದು ಸಂಕಟದ ಮಾತು ಎಂದು ಸುಮ್ಮನಿರಿಸಿದರು.

“ಇವತ್ತಿಗೂ ಬಾಗಲಿಗೆ ಚಿಲಕ ಹಾಕಂಗಿಲ್ಲ ನಾನು. ಟವೆಲ್ ಕಳಸಬೇಕಂತ ಮಂದಿ ಹೇಳಿದ್ರು. ಹೆಂಗ ಕಳಸಲಿ?”

ಆಗ ಮೂಕಣ್ಣ ತಿರುಗಿದರು. ಮುಳುಗಿದವರ ಮನೆಯವರ ಮುಖವನ್ನು ಅವರು ನೋಡಿದ್ದು ಅದೇ ಮೊದಲು.

“ನಾನಾ ತೊಳೆದೆನವ್ವ,” ಎಂದರು. “ಮುಷ್ಟಿ ಬಿಗಿ ಇತ್ತು, ತುಂಬ ಕೆಸರು. ತಾಯಿ ಕಣ್ಣಿಗೆ ಅದು ಬೀಳಬಾರ್ದಂತ ನಮ್ಮಪ್ಪ ಹೇಳಿದ್ದ. ಒಂದೊಂದಾ ಬೆರಳು ಬಿಡಿಸಿ ತೊಳೆದೆ, ಉಗುರನ್ನೂ ತೊಳೆದೆ. ಎಡಗೈ ಕಿರುಬೆರಳು ಮಾತ್ರ ಸೊಟ್ಟ ಇತ್ತು. ಎಷ್ಟು ಬಿಡಿಸಿದ್ರೂ ನೆಟ್ಟಗಾಗಲಿಲ್ಲ.”

ಜಂಬವ್ವ ತಮ್ಮ ಎಡಗೈಯ ಕಿರುಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡರು.

“ಲಾರಿ ಬಾಗಲಾಗ ಸಿಕ್ಕಿತ್ತು,” ಎಂದರು. ಬೆರಳನ್ನು ಬಿಡದೆ, “ಹಂಗಾದ್ರ ಅವ್ನಾ,” ಎಂದರು.

ಅವರು ವೇದಿಕೆಯ ಹಲಗೆಯ ಮೇಲೆ ಕುಳಿತುಬಿಟ್ಟರು. ಮೂಕಣ್ಣ ಶಾಲನ್ನು ಕುರ್ಚಿಯ ಮೇಲಿಟ್ಟು ಅವರ ಪಕ್ಕ ಕುಳಿತರು. ಹೆಗಲ ಟವೆಲ್ ತೆಗೆದು ಕೊಟ್ಟರು. ಜಂಬವ್ವ ಅದನ್ನು ತಮ್ಮ ಮುಖಕ್ಕೆ ಹೊದ್ದುಕೊಂಡು ಅತ್ತರು. ಹರಿಪ್ರಿಯಾ ವಿಡಿಯೊ ತೆಗೆಯುವವರ ಮುಂದೆ ಹೋಗಿ ಅಂಗೈ ಅಡ್ಡ ಹಿಡಿದು ನಿಂತರು. ಭಾರ್ಗವ್ ಒಂದು ಲೋಟ ನೀರು ತಂದು ಜಂಬವ್ವನವರ ಹತ್ತಿರ ನೆಲದ ಮೇಲಿಟ್ಟರು.

ಆ ವಿಡಿಯೊವನ್ನು ಕಂಪನಿ ಎಲ್ಲೂ ಹಾಕಲಿಲ್ಲ. ಭಾರ್ಗವ್ ಕಂಪ್ಲಿಗೆ ಬಂದು ತಪ್ಪಾಯಿತು ಎಂದು ಹೇಳಿದರು. ಮೂಕಣ್ಣ, ಈಜು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದರು ಭಾರ್ಗವ್. ಈಗ ಹೊಸಪೇಟೆಯ ಆಫೀಸಿನ ಕೆಲವರು ಸೇವೆಯ ದಿನ ಹೊಳೆಗೆ ಬಂದು, ಮುಳುಗುವವರಿಗೆ ಹಗ್ಗ ಎಸೆಯುವುದನ್ನು ಮೂಕಣ್ಣನವರಿಂದ ಕಲಿಯುತ್ತಾರೆ. ಸರಿಯಾಗಿ ಎಸೆಯದಿದ್ದರೆ ದುರುಗಣ್ಣ ಎಲ್ಲರಿಗೂ ಒಂದೇ ಸಮನೆ ಬೈಯುತ್ತಾನೆ.

ಚೋರನೂರಿನ ಟವೆಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ಬಿಳಿಯದು, ಕೆಂಪು ಅಂಚಿನದು. ದ್ಯಾಮಕ್ಕ ಅದನ್ನು ಪೆಟ್ಟಿಗೆಯಲ್ಲಿಡಲು ಹೋದರು. ಮೂಕಣ್ಣ ಬೇಡವೆಂದು ಹೆಗಲಿಗೆ ಹಾಕಿಕೊಂಡರು.

ಮಳೆಗಾಲದಲ್ಲಿ ಹೊಸಪೇಟೆಯ ಕಾಲುವೆಯಿಂದ ಕರೆ ಬಂತು. ಎಲೆ ಅಡಿಕೆ ಬಿಟ್ಟು ಇಳಿದರು. ದೀಪದ ಬೆಳಕಿನಲ್ಲಿ ಮುಳುಗಿದವನು ಬೇಗ ಸಿಕ್ಕ, ಅವನೂ ಯಲ್ಲೇಶನ ಹಾಗೆ ಹರೆಯದ ಹುಡುಗ. ನೀರೊಳಗೇ ಕೈ ತೊಳೆದು, ಬೆರಳು ಬಿಡಿಸಿ, ಮೇಲೆ ತಂದು ಮುಖಕ್ಕೆ ಟವೆಲ್ ಹೊದಿಸಿದರು. ಎಂದಿನಂತೆ ಎದ್ದು ಹೊರಟವರು ನಾಲ್ಕು ಹೆಜ್ಜೆ ಹೋಗಿ ನಿಂತರು. ತಿರುಗಿ ಬಂದು, ಹೆಂಗಸರ ಗುಂಪಿನ ಮುಂದೆ ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕುಳಿತರು.

“ಇವ್ನ ತಾಯಿ ಯಾರ್ರಿ?” ಎಂದು ಕೇಳಿದರು. “ಏನರ ಕೇಳಾದಿದ್ರ ಕೇಳವ್ವ. ನಾ ಇಲ್ಲೇ ಕುಂತಿರ್ತೀನಿ.”