ವೀಳ್ಯ ಹಿಡಿದ ಮೇಲೆ

ಎಲೆ ಅಡಿಕೆಯೆಂದರೆ ಬಾಯಿಗೆ ಹಾಕಿಕೊಳ್ಳುವ ವಸ್ತುವೆಂದೇ ನಾವೆಲ್ಲ ತಿಳಿದಿದ್ದೇವೆ; ಊಟವಾದ ಮೇಲೆ ಕಟ್ಟೆಗೆ ಕುಳಿತು, ಸುಣ್ಣ ಸವರಿ, ಮಡಿಚಿ ದವಡೆಗೆ ಸೇರಿಸಿದರೆ ಅದರ ಕೆಲಸ ಮುಗಿಯಿತು. ಆದರೆ ಮೆಲ್ಲಲಾಗದ ಎಲೆಯೂ ಒಂದಿದೆ, ಮಿತ್ರರೇ. ಹೆಬ್ಬಳ್ಳಿಯ ಗುರಪ್ಪ ತಂಗಿಯ ಮದುವೆಯ ಗುಗ್ಗಳಕ್ಕೆ ಕರೆಯಲು ತಾಯಿಯೊಂದಿಗೆ ಧಾರವಾಡದ ನಮ್ಮ ಮನೆಗೆ ಬಂದು, ನನ್ನ ಅಂಗೈಯಲ್ಲಿಟ್ಟದ್ದು ಅಂಥ ಎಲೆ. ಅದಕ್ಕೆ ನಾವು ವೀಳ್ಯ ಎನ್ನುತ್ತೇವೆ, ಮತ್ತು ಅದನ್ನು ಹಿಡಿದವನು ಮಾತು ಕೊಟ್ಟಂತೆ.

ನಾನು ಪುರವಂತ. ವೀರಭದ್ರ ಮನೆದೇವರಾಗಿರುವ ಮನೆಗಳವರು ಮದುವೆಗೆ ಮುಂಚೆ ಗುಗ್ಗಳದ ಬೆಂಕಿ ಹೊತ್ತು ಗುಡಿಗೆ ಹೊರಟಾಗ, ಉಪವಾಸವಿದ್ದು, ಕಾವಿ ತೊಟ್ಟು, ಎದೆಗೆ ದೇವರ ಹಲಗೆ ಕಟ್ಟಿ, ಕತ್ತಿ ಹಿಡಿದು, ದೇವರ ಮಹಿಮೆ ಸಾರುವ ಒಡಪು ಹೇಳುತ್ತ ಮುಂದೆ ಕುಣಿಯುವವನು. ಉಳಿದ ದಿನಗಳಲ್ಲಿ ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇಥ್ ಮಷಿನ್ನಿನ ಮುಂದೆ ನಿಂತಿರುತ್ತೇನೆ. ನನ್ನ ಕತ್ತಿ ಈವರೆಗೆ ನಿಂಬೆಹಣ್ಣನ್ನು ಬಿಟ್ಟು ಯಾರನ್ನೂ ಕೊಂದಿಲ್ಲ. ಹಾಗೆಂದು ಅದನ್ನು ಆಟಿಕೆ ಎಂದೀರಿ, ಜೋಕೆ!

ನಮ್ಮ ಮ್ಯಾನೇಜರ್ ಸಾಹೇಬರು ಹಾಗೆಂದೇ ತಿಳಿದಿದ್ದರು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಮಾಲೀಕರು ಪುಣೆಯಿಂದ ಬರುವವರಿದ್ದರು. ಸಾಹೇಬರು ನನ್ನನ್ನು ಕೋಣೆಗೆ ಕರೆದು, ಚಹಾ ತರಿಸಿ, “ನಿಮ್ಮ ಪುರವಂತರ ಕುಣತ ಒಂದ್ ಹತ್ತು ಮಿನಿಟ್ ಇರ್ಲಿ. ಒಡಪು ಗಿಡಪು ಬ್ಯಾಡ್ರಿ. ಕತ್ತಿ ರಟ್ಟಿಂದು ಮಾಡಸ್ತೇವಿ, ಸೇಫ್ಟಿ ನೋಡ್ಬೇಕಲ್ರಿ” ಎಂದರು. ಅದೇ ಉಸಿರಿನಲ್ಲಿ, ಖಾಲಿಯಿದ್ದ ಸೂಪರ್‌ವೈಸರ್ ಹುದ್ದೆಯ ಮಾತನ್ನೂ ತೆಗೆದರು. ದೇವರೇ, ರಟ್ಟಿನ ಕತ್ತಿ! ಅದು ಹಾಗಿರಲಿ, ಗುಗ್ಗಳವೂ ಅದೇ ದಿನ. ಹಾಗೆಂದು ಹೇಳಿದೆ.

“ಅಗ್ರಿಮೆಂಟ್ ಏನರ ಆಗೇದೇನ್ರಿ?”

“ಇಲ್ರಿ. ವೀಳ್ಯಾ ಹಿಡದೇನಿ.”

ಅವರು ನಕ್ಕುಬಿಟ್ಟರು. “ಎಲಿ ಅಡಕಿ! ನೀವು ಹೋಗ್ಲಿಲ್ಲಂದ್ರ ಅವ್ರು ಏನ್ ಮಾಡ್ತಾರ್ರಿ?”

ಆ ಗಳಿಗೆಗೆ ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಅಷ್ಟಕ್ಕೇ ಬಿಟ್ಟು ಎದ್ದು ಬಂದೆ.

ಮನೆಯಲ್ಲಿ ಹೇಳಿದರೆ ಹೆಂಡತಿ ಕೆಂಡವಾದಳು. ಸೂಪರ್‌ವೈಸರ್ ಆದರೆ ಕುರ್ಚಿ ಸಿಗುತ್ತದೆ, ದಿನವಿಡೀ ನಿಲ್ಲುವುದು ತಪ್ಪುತ್ತದೆ. ನನ್ನ ಮೊಣಕಾಲಿಗೆ ದಿನವೂ ಎಣ್ಣೆ ತಿಕ್ಕುವವಳು ಅವಳೇ. “ನಿಮ್ಮ ವೀಳ್ಯಾ ಬಂದು ನಿಮ್ಮ ಕಾಲ ಒತ್ತತೈತೇನ್ರಿ?” ಎಂದಳು. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ.

ಆದರೂ ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಈ ಕಾಲದ ಮೇಲೆ. ಈ ಕಾಲಕ್ಕೆ ವೀರನೆಂದರೆ ಬಲು ಪ್ರೀತಿ. ಗೋಕುಲ ರಸ್ತೆಯ ಜಿಮ್ಮಿನ ಗಾಜಿನೊಳಗೆ ತೋಳು ಉಬ್ಬಿಸುವವರೆಷ್ಟು, ಕಾರಿನ ಹಿಂದೆ ಕತ್ತಿ ಹಿಡಿದ ಚಿತ್ರ ಅಂಟಿಸಿಕೊಂಡವರೆಷ್ಟು! ಬಲ ಬೇಕು, ಭಂಗಿ ಬೇಕು, ಭಾರ ಮಾತ್ರ ಬೇಡ. ಹಿಂದೆ ಯುದ್ಧಕ್ಕೆ ಹೊರಡುವವನು ತುಂಬಿದ ಸಭೆಯಲ್ಲಿ ವೀಳ್ಯ ಎತ್ತಿಕೊಳ್ಳುತ್ತಿದ್ದನಂತೆ. ಅವನು ವೀರನಾಗುತ್ತಿದ್ದದ್ದು ರಣದಲ್ಲಲ್ಲ, ಆ ಗಳಿಗೆಯಲ್ಲೇ, ಹಿಂದಿರುಗುವ ದಾರಿಯನ್ನು ತಾನೇ ಕೈಯಾರೆ ಮುಚ್ಚಿಕೊಂಡಾಗ. ನಾವೋ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟುಕೊಂಡು ಅದನ್ನೇ ಸ್ವಾತಂತ್ರ್ಯವೆಂದು ಕರೆದು, ಯಾವ ಮನೆಯೊಳಗೂ ಕಾಲಿಡದೆ ಓಣಿಯಲ್ಲೇ ಮುದುಕರಾಗುತ್ತೇವೆ. ಹಿಂದಿನವರೆಲ್ಲ ಸತ್ಯವಂತರೆಂದು ನಾನು ಹೇಳುತ್ತಿಲ್ಲ. ವೀಳ್ಯ ಹಿಡಿದು ಓಡಿಹೋದವರು ಆಗಲೂ ಇದ್ದರು. ಆದರೆ ಓಡಿದವನನ್ನು ಆಗ ಹೇಡಿ ಎಂದೇ ಕರೆಯುತ್ತಿದ್ದರು. ಈಗ ವ್ಯವಹಾರ ಬಲ್ಲವನು ಎನ್ನುತ್ತಾರೆ.

ಸುದ್ದಿ ಹೇಗೋ ಹೆಬ್ಬಳ್ಳಿ ಮುಟ್ಟಿತು. ಗುರಪ್ಪ ಫೋನ್ ಮಾಡಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಕಾಕಾ, ನಿಮ್ಮ ನೌಕರಿಗೆ ತ್ರಾಸ ಆಗೋದು ಬ್ಯಾಡ್ರಿ. ಮೊಬೈಲ್‌ನ್ಯಾಗ ಒಡಪು ಸಿಗ್ತಾವ, ಸ್ಪೀಕರಿಗೆ ಹಚ್ಚಿ ಗುಗ್ಗಳ ಮಾಡ್ತೇವಿ.”

ನನ್ನ ಮೈ ಉರಿಯಿತು. “ಏನೋ ತಮ್ಮಾ, ನಿನ್ನ ಸ್ಪೀಕರ್ ಉಪಾಸ ಮಾಡತೈತೇನೋ? ನಾ ಬರ್ತೇನಿ. ಇಡು ಫೋನ್!”

ಫೋನ್ ಇಟ್ಟು ತಿರುಗಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮಾತೆಲ್ಲ ಕೇಳಿಸಿಕೊಂಡಿದ್ದಳು. ಗುಗ್ಗಳದ ದಿನ ನಾನು ಏಳುವ ಮೊದಲೇ ಕಾವಿ ಬಟ್ಟೆ ಮಡಿಯಾಗಿ ಒಣಗಿಸಿಟ್ಟು, “ಲಗೂ ಹೊಂಡ್ರಿ, ಬಿಸಲ ಏರತೈತಿ” ಎಂದಳು.

ಹೆಬ್ಬಳ್ಳಿಯಲ್ಲಿ ಸಮಾಳ ವಾದ್ಯದ ಪೆಟ್ಟು ಬಿದ್ದೊಡನೆ ನೋವು ಎಲ್ಲಿ ಹೋಯಿತೋ! ಕುಣಿಯುತ್ತ ಹೊರಟೆ. ಅರ್ಧ ದಾರಿಯಲ್ಲಿ ಮೊಣಕಾಲು ಕೈಕೊಟ್ಟಿತು, ನೆಲಕ್ಕೆ ಕುಸಿದೆ. ಕತ್ತಿ ಮಾತ್ರ ನೆಲಕ್ಕೆ ತಾಗಗೊಡಲಿಲ್ಲ. ಗುರಪ್ಪ ಎತ್ತಲು ಬಗ್ಗಿದ. ಬೇಡವೆಂದು ತಲೆಯಾಡಿಸಿ ಒಡಪು ಮುಂದುವರಿಸಿದೆ, ಒಡಪು ಮುಗಿಯುವಷ್ಟರಲ್ಲಿ ಎದ್ದು ನಿಂತಿದ್ದೆ. ಗುಗ್ಗಳ ಗುಡಿ ಮುಟ್ಟಿತು, ಗುರಪ್ಪನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಎದೆ ತುಂಬಿತ್ತು.

ಮರುದಿನ ಕುಂಟುತ್ತ ಕೆಲಸಕ್ಕೆ ಹೋದೆ. ಹುದ್ದೆ ಬೇರೆಯವರಿಗೆ ಹೋಗಿತ್ತು. ಬೇಸರವಾಯಿತೇ ಎಂದರೆ, ಆಯಿತು. ಸಾಹೇಬರು ಕೆಟ್ಟವರಲ್ಲ, ನನ್ನ ಕಾಲು ನೋಡಿ ಅವರಿಗೇ ಕಸಿವಿಸಿಯಾಯಿತು.

“ಖರೇ ಹೇಳ್ರಿ, ಎಲಿ ಅಡಕಿ ಸಲುವಾಗಿ ಕುರ್ಚಿ ಬಿಟ್ರಿ. ಹೋಗ್ಲಿಲ್ಲಂದ್ರ ಅವ್ರು ಏನ್ ಮಾಡ್ತಿದ್ರು?”

ಈ ಸಲ ತಡವರಿಸಲಿಲ್ಲ.

“ಏನೂ ಮಾಡ್ತಿದ್ದಿಲ್ರಿ, ಸಾಹೇಬ್ರ. ಅದಕ್ಕಽ ಹೋದೆ.”