ಅರ್ಧ ದಿನದ ಕೂಸಿನ ನಮೂದು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ನಾನು ಅಲ್ಲಿನ ಆರೋಗ್ಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದೆ. ಕಂಟೋನ್ಮೆಂಟ್ ಕಡೆಯ ಹಳೇ ಬಂಗಲೆಯೊಂದರ ಹಿಂದಿನ ಕೋಣೆ ನಮ್ಮ ಕಚೇರಿ. ಹಳ್ಳಿಗಳಿಂದ ಬರುವ ಜನನ, ಮರಣದ ಪಟ್ಟಿಗಳನ್ನು ದೊಡ್ಡ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಮಧ್ಯಾಹ್ನದ ಝಳಕ್ಕೆ ಕಣ್ಣೆವೆ ಭಾರವಾದಾಗ ಆ ಅಂಕಿಗಳೆಲ್ಲ ಮೆಲ್ಲಗೆ ಉಸಿರಾಡುತ್ತಿರುವಂತೆ ಕಾಣುತ್ತಿತ್ತು.

ಒಂದು ಸಲ ರಾರಾವಿಯ ಆಚೆ, ಹೊಳೆದಂಡೆಯ ಹಳ್ಳಿಯೊಂದರಿಂದ ಮೂರು ತಿಂಗಳು ಬರೀ ಸೊನ್ನೆ ಬಂತು. ಹುಟ್ಟೂ ಇಲ್ಲ, ಸಾವೂ ಇಲ್ಲ.

"ಊರಿಗೆ ಊರೇ ನಿದ್ದಿ ಮಾಡಾಕ ಹತ್ತೇತೇನು? ಹೋಗಿ ನೋಡ್ಕೊಂಡು ಬಾರಯ್ಯ," ಎಂದರು ನಮ್ಮ ಹೆಲ್ತ್ ಆಫೀಸರ್.

ಆಗ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಕುರುಗೋಡಿನಲ್ಲಿ ಒಂದು ದಿನ ಅಲ್ಲಿನ ಜನನ, ಮರಣದ ಪುಸ್ತಕ ತಪಾಸಣೆ ಮಾಡಿ, ಮರುದಿನ ಸಿರುಗುಪ್ಪ ಸೇರಿ, ಅಲ್ಲಿಂದ ಎತ್ತಿನ ಗಾಡಿ ಹಿಡಿದೆ. ಕಾಲುವೆಯ ಎರಡೂ ಬದಿಗೆ ಭತ್ತ ಹಸಿರಾಗಿ ತೂಗುತ್ತಿತ್ತು. ನಾನು ಮುಂದೆ ಹೋಗುತ್ತಿದ್ದೆನೋ, ಗದ್ದೆಗಳೇ ಹಿಂದೆ ಹರಿಯುತ್ತಿದ್ದವೋ, ತಿಳಿಯದಂಥ ತೂಕಡಿಕೆ.

ಹಳ್ಳಿಯ ಲೆಕ್ಕ ಬರೆಯುವ ಕರಣಂ ಹಗಲಲ್ಲೇ ಕಂಬಳಿ ಹೊದ್ದು ನಡುಗುತ್ತ ಮಲಗಿದ್ದರು. ಚಳಿಜ್ವರ.

"ಬರಿಯಾಕ ಕೈ ಏಳವಲ್ದು ನೋಡ್ರಿ, ಅದಕ್ಕ ಸೊನ್ನಿ ಹಾಕಿ ಕಳಿಸೀನಿ. ಸೂಲಗಿತ್ತಿ ಮುದುಕಿನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತೈತಿ."

ಬೇವಿನ ಮರದ ಕೆಳಗೆ ಜೋಳ ಹಸನು ಮಾಡುತ್ತಿದ್ದ ಆ ಮುದುಕಿ ಮೊರ ಬದಿಗಿಟ್ಟು ಎದ್ದಳು. ಮನೆಮನೆಯ ಮುಂದೆ ನಿಂತು ಹೇಳುತ್ತ ಹೋದಳು: "ಇಲ್ಲಿ ಗಂಡು, ಪಂಚಮಿ ಮರುದಿನ. ಇಲ್ಲಿ ಹೆಣ್ಣು, ಹೊಳಿ ಬಂದಿತ್ತಲ್ಲ, ಅವತ್ತು." ನಾನು ಬರೆದುಕೊಂಡೆ. ಒಳಗೆ ಕೂಸುಗಳನ್ನು ಮಲಗಿಸಿದ ಸೀರೆಯ ಜೋಳಿಗೆಗಳು ತೂಗುತ್ತಿದ್ದವು. ಸೊನ್ನೆಯಿದ್ದ ಊರು ತುಂಬಿಕೊಳ್ಳುತ್ತ ಬಂತು.

ಓಣಿಯ ಕೊನೆಯ ಮನೆಯ ಮುಂದೆ ಮುದುಕಿ ನಿಲ್ಲಲಿಲ್ಲ. ಬಾಗಿಲಲ್ಲಿದ್ದ ಹುಡುಗಿಯಂಥ ಹೆಂಗಸು ನನ್ನನ್ನು ತಡೆದಳು.

"ನಮ್ಮನಿದು ಬರಕೊಳ್ಳೂದಿಲ್ಲೇನ್ರಿ?"

"ಆಕಿ ಕೂಸು ಉಳೀಲಿಲ್ಲಪಾ," ಎಂದಳು ಮುದುಕಿ ಮೆಲ್ಲಗೆ.

"ಹೊತ್ತು ಹುಟ್ಟಾಗ ಹುಟ್ಟಿದ್ಲು. ಮಧ್ಯಾಹ್ನದ ತನಕ ಇದ್ಲು. ಕಣ್ ತೆರೆದು ನನ್ನ ನೋಡಿದ್ಲು. ಬರಕೋರಿ," ಎಂದಳು ತಾಯಿ.

ಕಟ್ಟೆಯ ಮೇಲೆ ಕೂತು ಜನನದ ಪುಟದಲ್ಲಿ ಬರೆದೆ. ಹಾಳೆ ತಿರುವಿ ಮರಣದ ಪುಟದಲ್ಲೂ ಬರೆದೆ. ನಿಯಮ ಅದೇ. ಆಮೇಲೆ ರೂಢಿಯಿಂದ, ಯೋಚಿಸದೆ, "ಹೆಸರು?" ಅಂದುಬಿಟ್ಟೆ. ಮುದುಕಿ ನನ್ನನ್ನು ದುರುಗುಟ್ಟಿ ನೋಡಿದಳು. ನನಗೆ ನಾಚಿಕೆಯಾಯಿತು.

ಆದರೆ ಆ ತಾಯಿ ಒಂದು ಹೆಸರು ಹೇಳಿದಳು. ಒಳಗಿನಿಂದ ಅತ್ತೆ ಬಂದು, "ಯಾವಾಗ ಇಟ್ಟಿ?" ಎಂದು ಕೇಳಿದಳು.

"ಹೊಟ್ಟ್ಯಾಗಿದ್ದಾಗ, ಅತ್ತಿ."

ಅತ್ತೆ ಸೊಸೆಯ ಪಕ್ಕ ಬಂದು ನಿಂತಳು. ನಾನು ಹೆಸರು ಬರೆದು ಪುಸ್ತಕ ತಿರುಗಿಸಿ ತೋರಿಸಿದೆ. ಓದು ಬಾರದ ಆ ತಾಯಿ ಹಸಿ ಮಸಿಗೆ ತಾಗದಂತೆ ಹೆಸರಿನ ಮೇಲೆ ಬೆರಳು ಹಿಡಿದು, "ಇದು ಎಲ್ಲಿಗೆ ಹೋಗ್ತೈತ್ರಿ?" ಎಂದಳು.

"ಬಳ್ಳಾರಿಗವ್ವ. ಅಲ್ಲಿಂದ ಮದ್ರಾಸಿಗೆ."

"ಅಷ್ಟು ದೂರ!" ಅವಳ ಮುಖ ಸ್ವಲ್ಪ ಅರಳಿತು. ಮದ್ರಾಸಿಗೆ ಹೋಗುವುದು ಬರೀ ಅಂಕಿ, ಹೆಸರಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬಳ್ಳಾರಿಯಲ್ಲಿ ಆಫೀಸರ್ ಆ ಸಾಲಿನ ಮೇಲೆ ಬೆರಳಿಟ್ಟರು. "ಅರ್ಧ ದಿನದ ಕೂಸಿಗೆ ಹೆಸರೇನಯ್ಯ?"

"ತಾಯಿ ಹೇಳಿದಳು ಸರ್."

ಅವರು ಬೆರಳು ತೆಗೆದು, ಪುಟದ ಕೆಳಗೆ ಸಹಿ ಹಾಕಿದರು.

ಮುಂದಿನ ವರ್ಷ ಅದೇ ಮನೆಯಿಂದ ಒಂದು ಜನನ ಬಂತು: ಗಂಡು. ಅಂದಿನಿಂದ ಆ ಊರಿನ ಪಟ್ಟಿ ಬಂದಾಗಲೆಲ್ಲ ಮೊದಲು ಮರಣದ ಹಾಳೆ ತೆಗೆದು ಆ ಮನೆಯ ಹೆಸರಿದೆಯೇ ಎಂದು ಹುಡುಕುತ್ತಿದ್ದೆ. ವರ್ಷಗಟ್ಟಲೆ ಹಾಗೆ ಹುಡುಕಿದೆ. ಆ ಮನೆಯ ಹೆಸರು ಅಲ್ಲಿ ಮತ್ತೆ ಕಾಣಲಿಲ್ಲ.